ಮುಂದೆ ಡಿಸ್ಕ್, ಹಿಂದೆ ಡ್ರಮ್: ಕಾರಿನ ಬ್ರೇಕ್ ದೋಷ ಎಲ್ಲಿದೆ ಎಂದು ಪತ್ತೆ ಹಚ್ಚುವ ಕ್ರಮ

ಬ್ರೇಕ್ ಸರಿಯಿಲ್ಲ ಎಂದು ಕಾರು ಗ್ಯಾರೇಜಿಗೆ ಬಂದರೆ ಸಾಮಾನ್ಯವಾಗಿ ಮೊದಲು ಬಿಚ್ಚುವುದು ಮುಂದಿನ ಚಕ್ರ. ಪ್ಯಾಡ್ ಹೊಸದಾಗುತ್ತದೆ, ಬಿಲ್ಲೂ ಆಗುತ್ತದೆ, ಪೆಡಲ್ ಮಾತ್ರ ಮೊದಲಿನಷ್ಟೇ ಕೆಳಗಿಳಿಯುತ್ತದೆ. ದೋಷ ಇದ್ದದ್ದು ಹಿಂದಿನ ಡ್ರಮ್ಮಿನಲ್ಲಿ. ಅದನ್ನು ಯಾರೂ ತೆಗೆದು ನೋಡಿರುವುದಿಲ್ಲ.

ಆಲ್ಟೊ, ವ್ಯಾಗನ್ ಆರ್, ಟಿಯಾಗೊದಂಥ ಕಾರುಗಳಲ್ಲಿ ಮುಂದಿನ ಎರಡು ಚಕ್ರಕ್ಕೆ ಡಿಸ್ಕ್, ಹಿಂದಿನ ಎರಡಕ್ಕೆ ಡ್ರಮ್. ನಾವು ಒತ್ತುವ ಪೆಡಲ್ ಒಂದೇ ಆದರೂ ಅದರ ಆಚೆ ಇರುವುದು ಎರಡು ಬೇರೆ ಬೇರೆ ಏರ್ಪಾಡುಗಳು. ಕೆಡುವ ಕಾರಣ ಬೇರೆ, ಕೆಟ್ಟಾಗ ಕೊಡುವ ಸುಳಿವೂ ಬೇರೆ. ಡಿಸ್ಕ್ ಬಯಲಲ್ಲಿದೆ, ಅಲಾಯ್ ವೀಲ್ ಇದ್ದರೆ ಚಕ್ರ ಬಿಚ್ಚದೆಯೇ ಅದರ ಸವೆತ ಕಾಣುತ್ತದೆ. ಡ್ರಮ್ ಮುಚ್ಚಿಕೊಂಡಿರುತ್ತದೆ. ಒಳಗೆ ಏನಾಗಿದೆ ಎಂಬುದು ಪೆಡಲಿನ ಆಳದಲ್ಲೋ ಹ್ಯಾಂಡ್ ಬ್ರೇಕಿನ ಸಡಿಲದಲ್ಲೋ ಗೊತ್ತಾಗಬೇಕು. ಹಾಗಾಗಿ ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮೊದಲು ದೋಷ ಮುಂದಿನದೋ ಹಿಂದಿನದೋ, ಅಥವಾ ಎರಡಕ್ಕೂ ಸಾಮಾನ್ಯವಾದ ಆಯಿಲ್ ಮತ್ತು ಮಾಸ್ಟರ್ ಸಿಲಿಂಡರಿನದೋ (ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳತ್ತ ನೂಕುವ ಭಾಗ) ಎಂದು ತೀರ್ಮಾನಿಸಿ. ಈ ಬರಹದ ಬಹುಭಾಗ ಆ ತೀರ್ಮಾನಕ್ಕೇ ಮೀಸಲು.

ಒಂದು ಎಚ್ಚರಿಕೆ. ಪೆಡಲ್ ನೆಲಕ್ಕೆ ತಾಗುತ್ತಿದ್ದರೆ ಅಥವಾ ಚಕ್ರದ ಒಳಬದಿಯಲ್ಲಿ ಆಯಿಲ್ ಇಳಿದಿದ್ದರೆ ಕಾರನ್ನು ಓಡಿಸಿ ಪರೀಕ್ಷಿಸಬೇಡಿ, ಎಳೆಸಿಕೊಂಡು ಹೋಗಿ. ಕೆಳಗೆ ಹೇಳಿರುವ ಓಡಿಸಿ ನೋಡುವ ಪರೀಕ್ಷೆಗಳೆಲ್ಲ ಕಾರು ನಿಲ್ಲುತ್ತದೆ ಎಂಬ ಖಾತ್ರಿ ಇರುವಾಗ, ಖಾಲಿ ರಸ್ತೆಯಲ್ಲಿ, ನಿಧಾನ ವೇಗದಲ್ಲಿ ಮಾಡುವಂಥವು.

ಎರಡರ ಒಳಗೆ ಏನು ನಡೆಯುತ್ತದೆ

ಡಿಸ್ಕ್ ಬ್ರೇಕಿನಲ್ಲಿ ಡಿಸ್ಕನ್ನು ಇಕ್ಕಳದಂತೆ ಹಿಡಿಯುವ ಕ್ಯಾಲಿಪರ್ ಒಳಗಿನ ಪಿಸ್ಟನ್ ಪ್ಯಾಡನ್ನು ತಿರುಗುವ ಡಿಸ್ಕಿಗೆ ಒತ್ತುತ್ತದೆ. ಸಣ್ಣ ಕಾರುಗಳಲ್ಲಿ ಪಿಸ್ಟನ್ ಒಂದೇ ಬದಿಯಲ್ಲಿರುತ್ತದೆ. ಅದು ಒಳಗಿನ ಪ್ಯಾಡನ್ನು ನೂಕಿದಾಗ ಇಡೀ ಕ್ಯಾಲಿಪರ್ ಎರಡು ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳುತ್ತದೆ. ಕಾಲು ತೆಗೆದಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಇಲ್ಲ. ಪಿಸ್ಟನ್ ಸುತ್ತಲಿನ ರಬ್ಬರ್ ಸೀಲ್ ತಿರುಚಿಕೊಂಡದ್ದು ಮತ್ತೆ ನೆಟ್ಟಗಾಗುವಾಗ ಅದನ್ನು ಕೂದಲೆಳೆಯಷ್ಟು ಹಿಂದೆ ತರುತ್ತದೆ. ಪ್ಯಾಡ್ ಸವೆದಂತೆ ಪಿಸ್ಟನ್ ತಾನೇ ಮುಂದೆ ಬಂದು ನಿಲ್ಲುವುದರಿಂದ ಸಂದು ಹೆಚ್ಚಾಗುವುದೇ ಇಲ್ಲ. ಪ್ಯಾಡ್ ಮುಗಿಯುವ ತನಕವೂ ಪೆಡಲ್ ಎತ್ತರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಡ್ರಮ್ಮಿನಲ್ಲಿ ವೀಲ್ ಸಿಲಿಂಡರ್ ಎರಡು ಶೂಗಳನ್ನು (ಬಾಗಿದ ಪಟ್ಟಿಗಳನ್ನು) ಹೊರಕ್ಕೆ ಅಗಲಿಸುತ್ತದೆ, ರಿಟರ್ನ್ ಸ್ಪ್ರಿಂಗ್‌ಗಳು ಒಳಕ್ಕೆ ಎಳೆಯುತ್ತವೆ. ಶೂ ಮೇಲಿನ ಉಜ್ಜುವ ಪದರವಾದ ಲೈನಿಂಗ್ ಸವೆದಷ್ಟೂ ಶೂ ದೂರ ಹೋಗಬೇಕು. ಆ ದೂರವನ್ನು ತುಂಬುವ ಕೆಲಸ ಅಡ್ಜಸ್ಟರ್‌ನದು. ಅಡ್ಜಸ್ಟರ್ ತುಕ್ಕು ಹಿಡಿದು ನಿಂತರೆ ಸಂದು ಬೆಳೆಯುತ್ತಾ ಹೋಗುತ್ತದೆ, ಪೆಡಲ್ ಇಳಿಯುತ್ತಾ ಬರುತ್ತದೆ. ಇನ್ನೊಂದು ವಿಶೇಷವಿದೆ. ಮುಂದಕ್ಕೆ ಓಡುವಾಗ ಒಂದು ಶೂವನ್ನು ಡ್ರಮ್ಮೇ ತನ್ನ ತಿರುಗುವಿಕೆಯಿಂದ ತನ್ನೊಳಕ್ಕೆ ಎಳೆದುಕೊಳ್ಳುತ್ತದೆ. ಇದರಿಂದ ಕಡಿಮೆ ಒತ್ತಡಕ್ಕೆ ಹೆಚ್ಚು ಹಿಡಿತ ಸಿಗುತ್ತದೆ, ಲೈನಿಂಗ್ ಮೇಲೆ ತೇವವೋ ತುಕ್ಕೋ ಇದ್ದರೆ ಅದೇ ಗುಣ ಚಕ್ರವನ್ನು ಗಕ್ಕನೆ ಕಚ್ಚಿ ನಿಲ್ಲಿಸುತ್ತದೆ.

ಪೆಡಲ್ ಆಳಕ್ಕೆ ಹೋಗುತ್ತಿದೆ

ಅತಿ ಹೆಚ್ಚು ಕೇಳಿಬರುವ ದೂರು ಇದು. ಅತಿ ಹೆಚ್ಚು ತಪ್ಪು ಬಿಲ್ ಆಗುವುದೂ ಇದಕ್ಕೇ. ನಿಂತ ಕಾರಿನಲ್ಲಿ ಎಂಜಿನ್ ಚಾಲೂ ಇಟ್ಟು ಪರೀಕ್ಷಿಸಿ.

ಪೆಡಲ್ ಒಮ್ಮೆ ಒತ್ತಿ ಅದು ಎಲ್ಲಿ ಗಟ್ಟಿಯಾಯಿತು ಎಂದು ಗಮನಿಸಿ. ಬಿಟ್ಟು ತಕ್ಷಣ ಮತ್ತೊಮ್ಮೆ ಒತ್ತಿ. ಎರಡನೇ ಸಲ ಮೇಲೆಯೇ ನಿಂತು ಕಲ್ಲಿನಂತೆ ಗಟ್ಟಿಯಾಗಿದ್ದರೆ ಆಯಿಲ್ ದಾರಿಯಲ್ಲಿ ತೊಂದರೆಯಿಲ್ಲ, ಎಲ್ಲೋ ಸಂದು ಹೆಚ್ಚಾಗಿದೆ. ಡಿಸ್ಕಿನಲ್ಲಿ ಸಂದು ಬೆಳೆಯುವುದಿಲ್ಲವಾದ್ದರಿಂದ ಮೊದಲ ಅನುಮಾನ ಹಿಂದಿನ ಶೂಗಳ ಮೇಲೆ. ಎರಡನೇ ಸಲ ಮೇಲೆ ಬಂದರೂ ಕಾಲಿನಡಿ ಹಿಗ್ಗಿ ಕುಗ್ಗಿದಂತಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ. ಹಾಗಿದ್ದರೆ ಬ್ಲೀಡಿಂಗ್ ಮಾಡಬೇಕು (ಆಯಿಲಿನೊಂದಿಗೆ ಆ ಗಾಳಿಯನ್ನು ಹೊರಬಿಡಬೇಕು), ಗಾಳಿ ಎಲ್ಲಿಂದ ಹೊಕ್ಕಿತೆಂದೂ ಹುಡುಕಬೇಕು.

ಶೂ ಮೇಲಿನ ಅನುಮಾನ ಗಟ್ಟಿ ಮಾಡಿಕೊಳ್ಳಲು ಏನೂ ಬಿಚ್ಚಬೇಕಾಗಿಲ್ಲ. ಹ್ಯಾಂಡ್ ಬ್ರೇಕನ್ನು ಎರಡು ಮೂರು ಕ್ಲಿಕ್ ಮಾತ್ರ ಎತ್ತಿ ಪೆಡಲ್ ಒತ್ತಿ ನೋಡಿ. ಕೇಬಲ್ ಶೂಗಳನ್ನು ಸ್ವಲ್ಪ ಅಗಲಿಸಿ ಇಟ್ಟಿರುವುದರಿಂದ, ಸಂದಿನ ದೋಷವೇ ಆಗಿದ್ದರೆ ಪೆಡಲ್ ಎದ್ದು ಕಾಣುವಷ್ಟು ಮೇಲೆ ಬರುತ್ತದೆ. ಬಂತೆಂದರೆ ಹಿಂದಿನ ಡ್ರಮ್ ಬಿಚ್ಚಿ. ಮುಂದಿನ ಪ್ಯಾಡ್ ಮುಟ್ಟುವ ಅಗತ್ಯವಿಲ್ಲ. ಕೈಯಳತೆಯ ದೂರದಲ್ಲಿರುವ ಈ ಪರೀಕ್ಷೆಯನ್ನು ಕಾರಿನ ಮಾಲೀಕರೆಲ್ಲ ಕಲಿತಿರಬೇಕು ಎಂದು ನನ್ನ ಬಲವಾದ ಅನಿಸಿಕೆ.

ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿದಾಗ ಅದು ನಿಧಾನಕ್ಕೆ ಕೆಳಗೆ ಜಾರುತ್ತಿದ್ದರೆ ಸಂಗತಿ ಬೇರೆ. ಎಲ್ಲೂ ಸೋರಿಕೆ ಕಾಣದೆ ಹೀಗಾಗುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲ್ ಒತ್ತಡವನ್ನು ಬಿಟ್ಟುಕೊಡುತ್ತಿದೆ. ಪೆಡಲ್ ಆಳಕ್ಕೆ ಹೋಗಲು ಇನ್ನೊಂದು ಅಪರೂಪದ ಕಾರಣ ಮುಂದಿನ ವೀಲ್ ಬೇರಿಂಗ್ ಸಡಿಲ. ತಿರುವಿನಲ್ಲಿ ಡಿಸ್ಕ್ ವಾಲಿ ಪ್ಯಾಡನ್ನು ಹಿಂದೆ ನೂಕಿರುತ್ತದೆ, ತಿರುವು ಕಳೆದ ಕೂಡಲೇ ಒತ್ತಿದ ಮೊದಲ ಬ್ರೇಕ್ ಮಾತ್ರ ಆಳಕ್ಕೆ ಹೋಗುತ್ತದೆ. ನೇರ ರಸ್ತೆಯಲ್ಲಿ ಎಲ್ಲ ಸರಿ.

ಪೆಡಲ್ ಆಳಕ್ಕೆ ಹೋಗದೆ ಮರದಂತೆ ಬಿರುಸಾಗಿದ್ದರೆ, ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್ ನೋಡಿ. ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪಂಪ್ ಮಾಡಿ, ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ತಗ್ಗಬೇಕು. ತಗ್ಗದಿದ್ದರೆ ವ್ಯಾಕ್ಯೂಮ್ ಪೈಪ್ ಅಥವಾ ಬೂಸ್ಟರ್ ಕೆಟ್ಟಿದೆ, ಡಿಸ್ಕ್ ಡ್ರಮ್ಮುಗಳಿಗೆ ಸಂಬಂಧವಿಲ್ಲ.

ಹ್ಯಾಂಡ್ ಬ್ರೇಕ್ ಸಡಿಲವಾದರೆ ಕೇಬಲ್ ಬಿಗಿಯಬೇಡಿ

ಬಿಗಿಯಲೇಬಾರದು ಎಂದಲ್ಲ, ಮೊದಲು ಬಿಗಿಯಬಾರದು. ಲಿವರ್ ಹತ್ತು ಹನ್ನೆರಡು ಕ್ಲಿಕ್ ಏರಿದ ಮೇಲೆ ಹಿಡಿಯುತ್ತಿದೆ ಎಂದರೆ ಬಹಳಷ್ಟು ಸಲ ಶೂ ಸಂದು ಹೆಚ್ಚಾಗಿರುತ್ತದೆ. ಆಗ ಲಿವರ್ ಬುಡದ ನಟ್ ತಿರುಗಿಸಿ ಕೇಬಲ್ ಎಳೆದುಬಿಟ್ಟರೆ ಐದು ನಿಮಿಷದಲ್ಲಿ ಕ್ಲಿಕ್ ಕಡಿಮೆಯಾಗುತ್ತದೆ, ಗಿರಾಕಿಗೆ ಸಮಾಧಾನವೂ ಆಗುತ್ತದೆ. ಆದರೆ ಡ್ರಮ್ ಒಳಗೆ ಶೂಗೆ ಜೋಡಿಸಿದ ಕೈಬ್ರೇಕ್ ಲಿವರ್ ಈಗ ತನ್ನ ಮೂಲ ಜಾಗಕ್ಕೆ ಮರಳುವುದಿಲ್ಲ, ಸದಾ ಎಳೆದ ಸ್ಥಿತಿಯಲ್ಲೇ ಇರುತ್ತದೆ. ಹಾಗಿರುವಾಗ ಅನೇಕ ಕಾರುಗಳಲ್ಲಿ ಅಡ್ಜಸ್ಟರ್ ಮುಂದಿನ ಹಲ್ಲಿಗೆ ಹೋಗಲಾರದು. ಪೆಡಲ್ ಇನ್ನಷ್ಟು ಇಳಿಯುತ್ತದೆ, ಹಿಂದಿನ ಚಕ್ರ ಉಜ್ಜುತ್ತಾ ಬಿಸಿಯಾಗುತ್ತದೆ.

ಸರಿಯಾದ ಕ್ರಮ ಹೀಗೆ. ಕೇಬಲ್ ನಟ್ಟನ್ನು ಪೂರ್ತಿ ಸಡಿಲಿಸಿ. ಡ್ರಮ್ ತೆಗೆದು ಅಡ್ಜಸ್ಟರ್ ಸ್ವಚ್ಛ ಮಾಡಿ, ಡ್ರಮ್ ಹಾಕಿ ಕೈಯಲ್ಲಿ ತಿರುಗಿಸಿದಾಗ ಸಣ್ಣಗೆ ಉಜ್ಜುವಷ್ಟು ಶೂ ಹೊಂದಿಸಿ. ಪೆಡಲನ್ನು ಹಲವು ಸಲ ಒತ್ತಿ ಶೂಗಳು ನಡುವಿಗೆ ಕೂರುವಂತೆ ಮಾಡಿ. ಕೊನೆಗೆ ಕೇಬಲ್. ಎಷ್ಟು ಕ್ಲಿಕ್ಕಿಗೆ ಹಿಡಿಯಬೇಕು ಎಂಬುದು ಕಾರಿನ ಮ್ಯಾನುಯಲ್‌ನಲ್ಲಿದೆ. ಇಷ್ಟು ಮಾಡಿದ ಮೇಲೂ ಕೇಬಲ್ ಬಹಳ ಎಳೆಯಬೇಕಾಗಿ ಬಂದರೆ ಕೇಬಲ್ಲೇ ಹಿಗ್ಗಿದೆ ಅಥವಾ ಹೊದಿಕೆಯೊಳಗೆ ತುಕ್ಕು ಹಿಡಿದಿದೆ.

ನಡುಕ

ಬ್ರೇಕ್ ಒತ್ತಿದಾಗ ಸ್ಟೀರಿಂಗ್ ಕೈಯಲ್ಲಿ ನಡುಗಿದರೆ ಮುಂದಿನ ಡಿಸ್ಕ್. ಸ್ಟೀರಿಂಗ್ ಸುಮ್ಮನಿದ್ದು ಸೀಟು ಮತ್ತು ಪೆಡಲ್ ಮಾತ್ರ ಅದುರಿದರೆ ಹಿಂದಿನ ಡ್ರಮ್ ದುಂಡಗಿಲ್ಲ ಎಂಬ ಅನುಮಾನ. ಖಚಿತಪಡಿಸಿಕೊಳ್ಳಲು ಹಿಂದೆ ಮುಂದೆ ಯಾರೂ ಇಲ್ಲದ ನೇರ ಒಣ ರಸ್ತೆಯಲ್ಲಿ 30 ಕಿ.ಮೀ. ವೇಗದಲ್ಲಿ ಹ್ಯಾಂಡ್ ಬ್ರೇಕ್ ಗುಂಡಿಯನ್ನು ಒತ್ತಿ ಹಿಡಿದೇ ಲಿವರನ್ನು ಮೆಲ್ಲಗೆ ಎತ್ತಿ. ಅದು ಹಿಂದಿನ ಚಕ್ರಗಳನ್ನಷ್ಟೇ ಹಿಡಿಯುವುದರಿಂದ ನಡುಕ ಬಂದರೆ ಡ್ರಮ್, ಬಾರದಿದ್ದರೆ ಡಿಸ್ಕ್. ಸ್ವಿಚ್ ಒತ್ತುವ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನಲ್ಲಿ ಇದನ್ನು ಮಾಡಬೇಡಿ. ಜೋರಾಗಿ ಬ್ರೇಕ್ ಹೊಡೆದಾಗ ಮಾತ್ರ ಪೆಡಲ್ ಟಕಟಕ ಒದ್ದರೆ ಅದು ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ಎಬಿಎಸ್ ತನ್ನ ಕೆಲಸ ಮಾಡುತ್ತಿರುವುದು.

ಡಿಸ್ಕ್ ಬೆಂಡಾಗಿದೆ ಎಂದು ಹೇಳುವುದು ರೂಢಿ. ಬಹುತೇಕ ಆಗಿರುವುದು ದಪ್ಪದ ವ್ಯತ್ಯಾಸ. ಡಿಸ್ಕ್ ಕೂರುವ ಹಬ್ ಮುಖದ ಮೇಲೆ ತುಕ್ಕಿನ ಪದರ ಇದ್ದಂತೆಯೇ ಡಿಸ್ಕ್ ಕೂರಿಸಿದರೆ ಅದು ತಿರುಗುವಾಗ ಅತ್ತಿತ್ತ ವಾಲುತ್ತದೆ, ಪ್ಯಾಡಿಗೆ ತಾಗುವ ಜಾಗದಲ್ಲಷ್ಟೇ ಸವೆಯುತ್ತದೆ, ಕೆಲವು ಸಾವಿರ ಕಿ.ಮೀ. ಆದ ಮೇಲೆ ನಡುಕ ಶುರುವಾಗುತ್ತದೆ. ಹೊಸ ಡಿಸ್ಕ್ ಹಾಕುವ ಮುನ್ನ ಹಬ್ಬನ್ನು ವೈರ್ ಬ್ರಷ್‌ನಿಂದ ಉಜ್ಜಿ. ಡಯಲ್ ಗೇಜ್ ಇದ್ದರೆ ವಾಲುವಿಕೆ ಅಳೆಯಿರಿ, ಸಾಮಾನ್ಯವಾಗಿ ಅದು 0.1 ಮಿ.ಮೀ. ಒಳಗಿರಬೇಕು. ವೀಲ್ ನಟ್‌ಗಳನ್ನು ಎದುರುಬದುರಾಗಿ, ಸಮನಾಗಿ ಬಿಗಿಯಿರಿ.

ಮೇಲ್ಮೈ ಕಡೆಸಲು ಲೇತ್‌ಗೆ ಕೊಡುವ ಮುನ್ನ, ಡಿಸ್ಕ್ ಮೇಲೆ ಅಚ್ಚೊತ್ತಿರುವ ಕನಿಷ್ಠ ದಪ್ಪವನ್ನೂ ಡ್ರಮ್ ಮೇಲೆ ಅಚ್ಚೊತ್ತಿರುವ ಗರಿಷ್ಠ ವ್ಯಾಸವನ್ನೂ ಓದಿ. ಡಿಸ್ಕ್ ಸವೆದಂತೆ ತೆಳುವಾಗುತ್ತದೆ, ಡ್ರಮ್ ಒಳಗಿನಿಂದ ಅಗಲವಾಗುತ್ತದೆ. ಆ ಅಂಕಿ ದಾಟಿದ್ದನ್ನು ಕಡೆದು ಮತ್ತೆ ಹಾಕಿಸಬೇಡಿ.

ಒಂದು ಬದಿಗೆ ಎಳೆತ, ಒಂದು ಚಕ್ರ ಬಿಸಿ

ಮೊದಲು ಟೈರ್ ಗಾಳಿ ನೋಡಿ. ಅದು ಸರಿಯಿದ್ದು ಬ್ರೇಕ್ ಒತ್ತದೆಯೇ ಕಾರು ಎಡಕ್ಕೆ ಎಳೆಯುತ್ತಿದ್ದರೆ, ಎಡಗಡೆಯ ಚಕ್ರವೂ ಬಿಸಿಯಿದ್ದರೆ, ಅಲ್ಲಿನ ಬ್ರೇಕ್ ಬಿಡುತ್ತಿಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಎಡಕ್ಕೆ ಎಳೆದರೆ ಬಲಗಡೆಯದು ಹಿಡಿಯುತ್ತಿಲ್ಲ ಎಂಬ ಸಾಧ್ಯತೆಯೇ ಹೆಚ್ಚು. ಹೀಗೆ ಸ್ಟೀರಿಂಗ್‌ವರೆಗೆ ಬರುವ ಎಳೆತ ಮುಂದಿನ ಡಿಸ್ಕಿನದೇ ಇರುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಹೆಚ್ಚಿನ ಕೆಲಸ ಮುಂದಿನ ಚಕ್ರಗಳದ್ದು.

ಬಿಡದ ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಆ ಚಕ್ರದ ಬ್ಲೀಡಿಂಗ್ ನಿಪ್ಪಲ್ಲನ್ನು ಅರ್ಧ ಸುತ್ತು ಬಿಡಿಸಿ. ಆಯಿಲ್ ಚಿಮ್ಮಿ ಚಕ್ರ ಸಡಿಲವಾಯಿತೆಂದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು. ಹೊರಗಿನಿಂದ ಚೆನ್ನಾಗಿಯೇ ಕಾಣುವ ರಬ್ಬರ್ ಹೋಸ್ ಒಳಗೆ ಊದಿ ಮುಚ್ಚಿಕೊಂಡಾಗ ಹೀಗಾಗುತ್ತದೆ. ನಾಲ್ಕೂ ಚಕ್ರ ಹಿಡಿದಿದ್ದರೆ ಮಾಸ್ಟರ್ ಸಿಲಿಂಡರ್ ಅಥವಾ ಪೆಡಲಿಗೆ ಆಟವೇ ಇಲ್ಲದಿರುವುದು ಕಾರಣ. ನಿಪ್ಪಲ್ ಬಿಡಿಸಿದರೂ ಬಿಗಿತ ಹೋಗದಿದ್ದರೆ ದೋಷ ಆ ಚಕ್ರದಲ್ಲೇ ಇದೆ. ಮುಂದೆ ಆದರೆ ತುಕ್ಕು ಹಿಡಿದ ಪಿಸ್ಟನ್ ಅಥವಾ ಒಣಗಿದ ಪಿನ್, ಹಿಂದೆ ಆದರೆ ಮುರಿದ ಸ್ಪ್ರಿಂಗ್ ಅಥವಾ ಮರಳದ ಹ್ಯಾಂಡ್ ಬ್ರೇಕ್ ಕೇಬಲ್.

ಒಳ ಪ್ಯಾಡ್, ಹೊರ ಪ್ಯಾಡ್ ಎರಡೂ ಸಮ ಸವೆಯಬೇಕು. ಒಂದು ತಗಡಿನಂತಾಗಿ ಇನ್ನೊಂದು ದಪ್ಪವಿದ್ದರೆ ಪಿನ್ ಅಥವಾ ಪಿಸ್ಟನ್ ಜಾಮ್ ಆಗಿದೆ, ಹೊಸ ಪ್ಯಾಡ್ ಹಾಕಿದರೂ ಅದೇ ಕಥೆ ಮರುಕಳಿಸುತ್ತದೆ. ಪಿನ್‌ಗಳಿಗೆ ಬ್ರೇಕ್‌ಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಊದುತ್ತದೆ.

ಘಾಟಿ ಇಳಿದ ಮೇಲೆ

ಆಗುಂಬೆಯ 14 ತಿರುವುಗಳನ್ನು ಸೋಮೇಶ್ವರದ ಕಡೆಗೆ ಇಳಿಯುವಾಗ ಅಥವಾ ಚಾರ್ಮಾಡಿಯಲ್ಲಿ ತುಂಬಿದ ಕಾರು ಇಳಿಸುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಬಂದರೆ ಡಿಸ್ಕೂ ಡ್ರಮ್ಮೂ ಕಾಯುತ್ತವೆ. ಎರಡೂ ಶಾಖಕ್ಕೆ ಸೋಲುವ ಬಗೆ ಬೇರೆ, ಅದರಿಂದಲೇ ಪತ್ತೆ ಸುಲಭ. ಡ್ರಮ್ ಕಾದಾಗ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗಿ ಅಲ್ಲಿ ಗಟ್ಟಿಯಾಗುತ್ತದೆ. ಡಿಸ್ಕ್ ಹಿಗ್ಗುವುದು ಪ್ಯಾಡ್ ಕಡೆಗೇ ಆದ್ದರಿಂದ ಪೆಡಲ್ ಎತ್ತರ ಬದಲಾಗುವುದಿಲ್ಲ, ಆದರೆ ಪ್ಯಾಡ್ ಹಿಡಿತ ಕಳೆದುಕೊಂಡು, ಎಷ್ಟು ಒತ್ತಿದರೂ ಕಾರು ಜಾರುತ್ತಾ ಸುಟ್ಟ ವಾಸನೆ ಬರುತ್ತದೆ. ಇವೆರಡಕ್ಕಿಂತ ಅಪಾಯಕಾರಿ ಮೂರನೆಯದು. ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ. ಆಯಿಲ್ ಕುದಿದು ಲೈನಿನಲ್ಲಿ ಆವಿ ತುಂಬಿದೆ ಎಂದರ್ಥ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು, ನೀರು ಸೇರಿದಾಗ ಆ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಮಲೆನಾಡು, ಕರಾವಳಿಯ ತೇವದ ಗಾಳಿಯಲ್ಲಿ ಓಡುವ ಕಾರಿನ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸುವುದಕ್ಕೆ ಹಿಂದೆಮುಂದೆ ನೋಡಬಾರದು. ತಣಿದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಸರಿಹೋದಂತೆ ಕಾಣುತ್ತದೆ. ರಿಪೇರಿಯಾಯಿತೆಂದು ಭಾವಿಸಬೇಡಿ, ಮುಂದಿನ ಇಳಿಜಾರಿನಲ್ಲಿ ಅದೇ ಆಗುತ್ತದೆ. ಇಳಿಯುವಾಗ ಎರಡನೇ ಅಥವಾ ಮೊದಲ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಸಿ.

ಕಾದ ಡಿಸ್ಕಿಗೆ ನೀರು ಸುರಿಯಬೇಡಿ. ಕಾದ ಡ್ರಮ್ಮಿನ ಮೇಲೆ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಲೂ ಬೇಡಿ, ತಣಿಯುವಾಗ ಡ್ರಮ್ ಕುಗ್ಗಿ ಶೂವನ್ನು ಇನ್ನಷ್ಟು ಬಿಗಿಯಾಗಿ ಕಚ್ಚುತ್ತದೆ. ಹಿಂದೆಯೂ ಡಿಸ್ಕ್ ಇದ್ದು ಹ್ಯಾಂಡ್ ಬ್ರೇಕ್ ಅದರ ಕ್ಯಾಲಿಪರ್ ಮೇಲೆಯೇ ಕೆಲಸ ಮಾಡುವ ಕಾರಿನಲ್ಲಿ ಇದರ ತಿರುಗುಮುರುಗು. ಡಿಸ್ಕ್ ತಣಿದು ತೆಳುವಾದಾಗ ಹಿಡಿತ ಸಡಿಲವಾಗಿ ಕಾರು ಜಾರಬಹುದು. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಮಳೆಗಾಲದ ದೂರುಗಳು

ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಡಿಸ್ಕ್ ಕರಕರ ಎನ್ನುವುದು, ಹಿಂದಿನ ಚಕ್ರ ಗಕ್ಕನೆ ಹಿಡಿಯುವುದು ದೋಷವಲ್ಲ, ರಾತ್ರಿ ಕೂತ ತುಕ್ಕಿನ ಪೊರೆ ಅಷ್ಟೆ. ಹಗಲಿಡೀ ಹಿಡಿಯುತ್ತಿದ್ದರೆ ಲೈನಿಂಗ್ ಮೇಲೆ ಆಯಿಲ್ ಬಿದ್ದಿದೆ ಅಥವಾ ಸ್ಪ್ರಿಂಗ್ ಮುರಿದಿದೆ. ನೀರು ದಾಟಿದ ಮೇಲೆ ಡಿಸ್ಕ್ ಬೇಗ ನೀರು ಕೊಡವಿಕೊಳ್ಳುತ್ತದೆ, ಡ್ರಮ್ ಹಿಡಿದಿಟ್ಟುಕೊಳ್ಳುತ್ತದೆ. ಸ್ವಲ್ಪ ದೂರ ಪೆಡಲ್ ಹಗುರಾಗಿ ಒತ್ತಿಯೇ ಓಡಿಸಿ ಒಣಗಿಸಿ. ಕೆಮ್ಮಣ್ಣಿನ ರಾಡಿಯಲ್ಲಿ ಓಡಿದ ಕಾರಿನ ಡ್ರಮ್ಮನ್ನು ಮಳೆ ಮುಗಿದ ಕೂಡಲೇ ಒಮ್ಮೆ ತೆಗೆಸಿ ಸ್ವಚ್ಛ ಮಾಡಿಸುವುದು ಒಳ್ಳೆಯದು.

ವಾರಗಟ್ಟಲೆ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಿದ ಕಾರು ಕದಲದಿದ್ದರೆ ಲೈನಿಂಗ್ ಡ್ರಮ್ಮಿಗೆ ತುಕ್ಕಿನಿಂದ ಅಂಟಿರುತ್ತದೆ. ಎಂಜಿನ್ ಜೋರಿನಿಂದ ಕಿತ್ತು ಓಡಿಸಿದರೆ ಲೈನಿಂಗ್ ಶೂನಿಂದ ಕಳಚಿ ಬರಬಹುದು. ಹ್ಯಾಂಡ್ ಬ್ರೇಕ್ ಬಿಟ್ಟು, ಚಕ್ರ ಬಿಚ್ಚಿ, ಡ್ರಮ್ಮಿನ ಅಂಚಿಗೆ ಸುತ್ತಲೂ ಮೆಲ್ಲಗೆ ಸುತ್ತಿಗೆ ಏಟು ಕೊಡಿ. ಊರಿಗೆ ಹೋಗುವಾಗ ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟೇ ಹೋಗಿ.

ಡ್ರಮ್ ಮುಚ್ಚಿಕೊಂಡಿರುವ ಈ ಗುಣವನ್ನು ಬರೀ ಕುಂದೆಂದು ನೋಡಬಾರದು. ಫೋಕ್ಸ್‌ವ್ಯಾಗನ್ ತನ್ನ ಐಡಿ.4 ಎಲೆಕ್ಟ್ರಿಕ್ ಕಾರಿಗೆ ಹಿಂದೆ ಡ್ರಮ್ಮನ್ನೇ ಇಟ್ಟಿದೆ. ಮೋಟರ್ ತಾನೇ ವೇಗ ಇಳಿಸುವುದರಿಂದ ಬ್ರೇಕಿಗೆ ಕೆಲಸ ಕಡಿಮೆ, ಕೆಲಸವಿಲ್ಲದ ಡಿಸ್ಕ್ ಬಯಲಲ್ಲಿ ತುಕ್ಕು ಹಿಡಿಯುತ್ತದೆ. ಡ್ರಮ್ ಎಂದರೆ ಅಗ್ಗದ ಮಾಲು ಎಂಬ ಮಾತನ್ನು ನಾನು ಒಪ್ಪುವುದಿಲ್ಲ, ಅದಕ್ಕೆ ಬೇಕಾದ ಆರೈಕೆ ಸಿಗುತ್ತಿಲ್ಲ ಅಷ್ಟೆ.

ಆಯಿಲ್ ಮಟ್ಟ ಇಳಿದಿದೆ

ನಿಧಾನಕ್ಕೆ ಇಳಿದಿದ್ದರೆ ಮೊದಲು ಮುಂದಿನ ಪ್ಯಾಡ್ ನೋಡಿ. ಪ್ಯಾಡ್ ಸವೆದು ಪಿಸ್ಟನ್ ಮುಂದೆ ಬಂದಷ್ಟೂ ಅದರ ಹಿಂದಿನ ಜಾಗವನ್ನು ಆಯಿಲ್ ತುಂಬುತ್ತದೆ. ಮೇಲಿಂದ ತುಂಬಿಸಿದರೆ ಹೊಸ ಪ್ಯಾಡ್ ಹಾಕುವಾಗ ಉಕ್ಕಿ ಪೇಂಟ್ ತಿನ್ನುತ್ತದೆ. ಪ್ಯಾಡ್ ದಪ್ಪಗಿದ್ದೂ ಮಟ್ಟ ಇಳಿದಿದ್ದರೆ ಸೋರಿಕೆ ಹುಡುಕಿ. ಹಿಂದಿನ ಟೈರಿನ ಒಳಬದಿ ಒದ್ದೆಯಾಗಿದ್ದರೆ ವೀಲ್ ಸಿಲಿಂಡರ್. ಎಲ್ಲೂ ಕಾಣದಿದ್ದರೆ ಮಾಸ್ಟರ್ ಸಿಲಿಂಡರ್ ಹಿಂದಿನಿಂದ ಬೂಸ್ಟರ್ ಒಳಗೆ ಇಳಿಯುತ್ತಿರಬಹುದು.

ಬೊಲೆರೊದಂಥ ಹಿಂಚಕ್ರ ಚಾಲನೆಯ ವಾಹನದಲ್ಲಿ ಇನ್ನೊಂದು ಸಾಧ್ಯತೆ ಇದೆ, ಆಕ್ಸಲ್ ಸೀಲ್ ಹೋಗಿ ಗೇರ್ ಆಯಿಲ್ ಡ್ರಮ್ಮಿಗೆ ಬರುವುದು. ಬೆರಳಿಗೆ ಹಚ್ಚಿಕೊಂಡು ನೀರಿನಲ್ಲಿ ತೊಳೆಯಿರಿ. ಬ್ರೇಕ್ ಆಯಿಲ್ ನೀರಿನಲ್ಲಿ ಕರಗಿ ಹೋಗುತ್ತದೆ, ಗೇರ್ ಆಯಿಲ್ ಜಿಡ್ಡಾಗಿ ಉಳಿದು ಗಂಧಕದ ವಾಸನೆ ಹೊಡೆಯುತ್ತದೆ. ಯಾವುದೇ ಆಗಲಿ, ಆಯಿಲ್ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಿಸಬೇಡಿ.

ಡ್ರಮ್ ಬಿಚ್ಚುವಾಗ

ಸವೆದ ಡ್ರಮ್ಮಿನ ಅಂಚಿನಲ್ಲಿ ಏಣು ಎದ್ದಿದ್ದರೆ ಶೂ ಅದಕ್ಕೆ ಸಿಕ್ಕಿ ಡ್ರಮ್ ಹೊರಬರುವುದಿಲ್ಲ. ಹಿಂದಿನ ತಗಡಿನಲ್ಲಿ ರಬ್ಬರ್ ಮುಚ್ಚಳದ ತೂತಿದ್ದರೆ ಅದರ ಮೂಲಕ ಅಡ್ಜಸ್ಟರ್ ಹಿಂದೆ ತಿರುಗಿಸಿ. ಕೆಲವು ಡ್ರಮ್‌ಗಳಲ್ಲಿ ಎರಡು ಥ್ರೆಡ್ ತೂತುಗಳಿರುತ್ತವೆ, ಎರಡಕ್ಕೂ ಬೋಲ್ಟ್ ಹಾಕಿ ಸಮನಾಗಿ ಬಿಗಿದರೆ ಡ್ರಮ್ ತಾನೇ ಎದ್ದು ಬರುತ್ತದೆ. ಒಳಗಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಬೇಡಿ. ಹಳೆಯ ಲೈನಿಂಗ್‌ಗಳಲ್ಲಿ ಅಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ. ಗ್ಯಾರೇಜಿನ ಹುಡುಗರಿಗೂ ಇದನ್ನು ಹೇಳಿ, ದಿನವೂ ಅದನ್ನು ಉಸಿರಾಡುವವರು ಅವರು.

ಒಂದು ಬದಿ ಪೂರ್ತಿ ಜೋಡಿಸುವವರೆಗೆ ಇನ್ನೊಂದು ಬದಿ ಬಿಚ್ಚಬೇಡಿ, ಸ್ಪ್ರಿಂಗ್ ಎಲ್ಲಿ ಹೋಗುತ್ತದೆ ಎಂದು ಮರೆತರೆ ಅದನ್ನು ನೋಡಿ ಹಾಕಬಹುದು. ನಕ್ಷತ್ರದ ಹಲ್ಲಿರುವ ಅಡ್ಜಸ್ಟರ್‌ಗಳಲ್ಲಿ ಎಡ ಬಲಕ್ಕೆ ಥ್ರೆಡ್ ವಿರುದ್ಧ ದಿಕ್ಕಿನದು. ಅದಲುಬದಲಾದರೆ ಬ್ರೇಕ್ ಒತ್ತಿದಷ್ಟೂ ಸಂದು ಹೆಚ್ಚುತ್ತದೆ. ಶೂ ಆಗಲಿ ಪ್ಯಾಡ್ ಆಗಲಿ ಎಡ ಬಲ ಎರಡಕ್ಕೂ ಒಟ್ಟಿಗೇ ಬದಲಿಸಿ.

ಹೊಸ ಶೂ ಡ್ರಮ್ಮಿನ ಬಾಗಿಗೆ ಹೊಂದಿಕೊಳ್ಳಲು ಪ್ಯಾಡಿಗಿಂತ ಹೆಚ್ಚು ಸಮಯ ಬೇಕು. ಅಲ್ಲಿಯವರೆಗೆ ಹ್ಯಾಂಡ್ ಬ್ರೇಕ್ ಇಳಿಜಾರಿನಲ್ಲಿ ತುಸು ಜಾರಬಹುದು. ಕೆಲವು ನೂರು ಕಿ.ಮೀ. ಓಡಿಸಿ ಕ್ಲಿಕ್ ಮತ್ತೆ ಎಣಿಸಿ. ಹೆಚ್ಚಾಗಿದ್ದರೆ ಕೇಬಲ್ ಮುಟ್ಟದೆ ಡ್ರಮ್ ತೆಗೆದು ಅಡ್ಜಸ್ಟರ್ ತಿರುಗುತ್ತಿದೆಯೇ ನೋಡಿ.